ಮಾವನವರ ರಿವಾಲ್ವರ್

ಮೂವತ್ತಾರನೇ ಇಸವಿ. ಬಾಣಾವರದ ಕೊಬ್ಬರಿ ವ್ಯಾಪಾರಿ ನಮ್ಮ ಮಾವನವರು ತೀರಿಕೊಂಡ ಮೇಲೆ, ಆಯುಧಪೂಜೆಗೆ ಅವರ ರಿವಾಲ್ವರನ್ನು ಶುಚಿ ಮಾಡಲು ನಾನೇ ಕೂತೆ. ಗುಂಡುಗಳನ್ನೆಲ್ಲ ತೆಗೆದು ದೂರವಿಟ್ಟು, ಅವು ತುಂಬುವ ಉರುಳೆಯನ್ನೂ ಬಿಚ್ಚಿದೆ. ಮಾವನವರು ಹಾಕುತ್ತಿದ್ದದ್ದು ಮನೆಯ ಕೊಬ್ಬರಿ ಎಣ್ಣೆಯನ್ನೇ. ಬೆಳಗಿನ ಚಳಿಗೆ ಅದು ಬಟ್ಟಲಲ್ಲಿ ಬೆಣ್ಣೆಯಂತೆ ಹೆಪ್ಪುಗಟ್ಟಿತ್ತು. ಬಟ್ಟೆಗೆ ಮೆತ್ತಿ ನಳಿಗೆಯೊಳಗೆ ತೂರಿಸಿದರೆ, ಆಚೆ ತುದಿಯಿಂದ ಕರಗಿ ತೊಟ್ಟಿಕ್ಕಿತು. ಬಟ್ಟೆ ಕಪ್ಪಗೆ ಬಂತು. ಈಗಷ್ಟೇ ಸುಟ್ಟ ಮದ್ದಿನ ವಾಸನೆ.

“ಅವರು ಒಂದ್ಸಲಾನೂ ಹಾರಿಸ್ದೋರಲ್ಲ ಕಣ್ರೀ. ಆದ್ರೂ ವರ್ಷಾ ವರ್ಷಾ ಹಿಂಗೇ. ಬಿಟ್ಬಿಡಿ,” ಎಂದರು ಅತ್ತೆ ಶಾಂತಾದೇವಿ.

“ಬಟ್ಟೆ ಬೆಳ್ಳಗೆ ಬರೋವರ್ಗೂ ಏಳಲ್ಲ,” ಎಂದೆ.

ಮಧ್ಯಾಹ್ನಕ್ಕೆ ಬೆಳ್ಳಗೆ ಬಂತು. ಗುಂಡುಗಳನ್ನು ಠಾಣೆಗೆ ಒಪ್ಪಿಸಿ ಬಂದು, ಬರಿದಾದ ರಿವಾಲ್ವರನ್ನು ಮತ್ತೆ ಜೋಡಿಸಿ, ನಳಿಗೆಯ ಬಾಯಿಗೆ ವಿಭೂತಿ ಹಚ್ಚಿ ಪೂಜೆಗಿಟ್ಟೆ.

ಮರುದಿನ ಎತ್ತಿಕೊಂಡಾಗ ನಳಿಗೆ ಬೆಚ್ಚಗಿತ್ತು. ವಿಭೂತಿ ಕಪ್ಪಾಗಿತ್ತು.