ಹನ್ನೆರಡೇ ಬೇಕೆಂದ ಚಿಪ್

ಫ್ಯಾನ್ ತಿರುಗಲೇ ಇಲ್ಲ. ರೆಕ್ಕೆಗಳು ಒಮ್ಮೆ ಮಿಸುಕಾಡಿ, ಗುಂಯ್ ಎಂದು ಸದ್ದು ಮಾಡಿ ನಿಂತುಬಿಟ್ಟವು. ರೇಡಿಯೋ ಎಂಬ ಹುಡುಗ ವೈರನ್ನು ಅಲ್ಲಾಡಿಸಿದ, ಪವರ್ ಬ್ಯಾಂಕನ್ನು ತಟ್ಟಿ ನೋಡಿದ. ಏನು ಮಾಡಿದರೂ ಅಷ್ಟೇ.

ಮಂಚದ ಮೇಲೆ ಗುಬ್ಬಿಯ ಅಜ್ಜಿ ಮಲಗಿದ್ದರು. ಕರೆಂಟ್ ಹೋಗಿ ಬಹಳ ಹೊತ್ತಾಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಗಾಳಿಯಾಡದಿದ್ದರೆ ಅವರಿಗೆ ಉಸಿರು ಕಟ್ಟಿದಂತಾಗುತ್ತಿತ್ತು. ಗುಬ್ಬಿ ಪಕ್ಕದಲ್ಲಿ ಕೂತು ಒಂದು ರಟ್ಟಿನಿಂದ ಗಾಳಿ ಬೀಸುತ್ತಿದ್ದಳು. ಒಂದು ಕೈ ಸೋತರೆ ಇನ್ನೊಂದು ಕೈ.

ರೇಡಿಯೋ ಎಂಬುದು ಹುಡುಗನ ನಿಜವಾದ ಹೆಸರಲ್ಲ ಬಿಡಿ. ಬಾಯಿಗೆ ಬೀಗವೇ ಇಲ್ಲ ಎಂದು ಕ್ಲಾಸಿನವರು ಇಟ್ಟ ಹೆಸರು. ಗುಬ್ಬಿ ಪಕ್ಕದ ಮನೆಯವಳು, ಅವನದೇ ಕ್ಲಾಸು. ಅವಳು ಒಂದು ಮಾತು ಶುರು ಮಾಡುವಷ್ಟರಲ್ಲಿ ಇವನು ಹತ್ತು ಮಾತು ಮುಗಿಸಿರುತ್ತಿದ್ದ.

ಕರೆಂಟ್ ಹೋದಾಗ ಅಜ್ಜಿಗೆ ಬೇಕಾಗುತ್ತದೆಂದು ಇಬ್ಬರೂ ಸೇರಿ ಫ್ಯಾನ್ ಮಾಡಲು ಹೊರಟಿದ್ದರು. ಹಳೆಯ ಕಂಪ್ಯೂಟರಿನ ಫ್ಯಾನ್ ಸಿಕ್ಕಿತು. ಅದಕ್ಕೆ ಹನ್ನೆರಡು ವೋಲ್ಟ್ ಬೇಕು. ರೇಡಿಯೋನ ಅತ್ತೆಗೆ ಸರ್ಕ್ಯೂಟ್ ಬೋರ್ಡ್ ಮಾಡುವುದೇ ಕೆಲಸ. ಅವರು ಎರಡು ಪುಟ್ಟ ಬೋರ್ಡ್ ಕೊಟ್ಟು, ಯೋಚನೆ ಮಾಡಿ ಒಂದನ್ನು ಆರಿಸಿಕೊಳ್ಳಿ ಎಂದಿದ್ದರು.

ಎರಡರಲ್ಲೂ ಒಂದೊಂದು ಚಿಪ್. ಟೈಪ್ ಸಿ ವೈರಿನ ಮೂಲಕ ಪವರ್ ಬ್ಯಾಂಕಿನ ಜೊತೆ ಮಾತಾಡಿ, ಎಷ್ಟು ವೋಲ್ಟ್ ಬೇಕೆಂದು ಕೇಳುವುದು ಅದರ ಕೆಲಸ. ಮಾತುಕತೆ ಕುದುರದಿದ್ದರೆ ಬರೀ ಐದು ವೋಲ್ಟ್. ಮೊದಲನೆಯ ಚಿಪ್ ಹನ್ನೆರಡು ಬಿಟ್ಟು ಬೇರೇನನ್ನೂ ಕೇಳದು. ಎರಡನೆಯದು ಹಾಗಲ್ಲ. ಹನ್ನೆರಡು ಇಲ್ಲವೆಂದರೆ, ಅದಕ್ಕಿಂತ ಸ್ವಲ್ಪ ಕಡಿಮೆ ಇರುವುದನ್ನು ಒಪ್ಪಿಕೊಳ್ಳುತ್ತದೆ.

ಫ್ಯಾನಿಗೆ ಬೇಕಿರುವುದು ಹನ್ನೆರಡು, ಕೇಳುವುದೂ ಹನ್ನೆರಡು, ಇದರಲ್ಲಿ ಯೋಚಿಸುವುದೇನಿದೆ ಎಂದು ರೇಡಿಯೋ ಮೊದಲನೆಯದನ್ನು ಎತ್ತಿಕೊಂಡಿದ್ದ. ನಮ್ಮ ಪವರ್ ಬ್ಯಾಂಕ್ ಇದೆಯಲ್ಲ, ಎಂದು ಗುಬ್ಬಿ ಬಾಯಿ ತೆರೆದಾಗ ಅವನು ಆಗಲೇ ಸ್ಕ್ರೂ ತಿರುಗಿಸುತ್ತಿದ್ದ. ಅತ್ತೆಯ ಚಾರ್ಜರಿಗೆ ಸಿಕ್ಕಿಸಿದಾಗ ಫ್ಯಾನ್ ಭರ್ರೆಂದು ತಿರುಗಿತ್ತು. ರೇಡಿಯೋ ಕುಣಿದಾಡಿದ್ದ.

ಈಗ ಗುಬ್ಬಿ ರಟ್ಟನ್ನು ಕೆಳಗಿಟ್ಟು, ಪವರ್ ಬ್ಯಾಂಕನ್ನು ಮಗುಚಿ, ಹಿಂದಿದ್ದ ಸಣ್ಣ ಅಕ್ಷರಗಳನ್ನು ತೋರಿಸಿದಳು. ಐದು, ಒಂಬತ್ತು, ಹದಿನೈದು, ಇಪ್ಪತ್ತು.

"ನಿಮ್ಮತ್ತೆ ಚಾರ್ಜರಲ್ಲಿ ಇತ್ತು. ಇದ್ರಲ್ಲಿ ಹನ್ನೆರಡು ಇಲ್ಲ," ಎಂದಳು.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಹೂಂ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಗುಬ್ಬಿ ಮತ್ತೆ ರಟ್ಟು ತೆಗೆದುಕೊಂಡು ಬೀಸತೊಡಗಿದಳು. "ಹೇಳೋಕೆ ಬಂದೆ. ನೀನು ಬಿಡ್ಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ರೇಡಿಯೋ ತಿರುಗಿಸಿ ಬೈಯುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಅಜ್ಜಿ ಉಸಿರೆಳೆಯುವ ಸದ್ದು ಕೇಳಿ ಅವನಿಗೆ ಅಳು ಬಂದಂತಾಯಿತು.

ಅವನು ಒಂದೇ ಓಟಕ್ಕೆ ಮನೆಗೆ ಹೋಗಿ ಇನ್ನೊಂದು ಬೋರ್ಡ್ ತಂದ. ಅದನ್ನು ಗುಬ್ಬಿಯ ಕೈಗೆ ಕೊಟ್ಟು, ಅವಳ ರಟ್ಟು ತೆಗೆದುಕೊಂಡು ತಾನು ಗಾಳಿ ಬೀಸಿದ. ಗುಬ್ಬಿ ನಿಧಾನವಾಗಿ ವೈರು ಬಿಚ್ಚಿ, ಹೊಸ ಬೋರ್ಡಿಗೆ ಬಿಗಿದು, ಪವರ್ ಬ್ಯಾಂಕಿಗೆ ಸಿಕ್ಕಿಸಿದಳು.

ರೆಕ್ಕೆಗಳು ಮಿಸುಕಿದವು. ಮೆಲ್ಲಗೆ ತಿರುಗಿದವು, ತಿರುಗುತ್ತಲೇ ಹೋದವು. ಒಂಬತ್ತು ವೋಲ್ಟಿಗೆ ಮೊದಲಿನಷ್ಟು ಜೋರಿಲ್ಲ, ಆದರೆ ಗಾಳಿ ಗಾಳಿಯೇ. ಅಜ್ಜಿ ಕಣ್ಣು ತೆರೆದು, "ಹಾಯಾಯ್ತು ಕಣ್ರೋ," ಎಂದರು.

ರೇಡಿಯೋ ಫ್ಯಾನನ್ನು ಎತ್ತಿಕೊಂಡ. ತಲೆಯ ಹತ್ತಿರ ಇಡೋಣ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ.

"ಎಲ್ಲಿ ಇಡೋಣ?" ಎಂದು ಕೇಳಿದ.

ಗುಬ್ಬಿ ಅಜ್ಜಿಯನ್ನು ನೋಡಿದಳು, ಮಂಚವನ್ನು ನೋಡಿದಳು. ರೇಡಿಯೋ ತುಟಿ ಬಿಗಿಹಿಡಿದು ನಿಂತಿದ್ದ.

"ಮುಖಕ್ಕೆ ನೇರ ಗಾಳಿ ಬಂದ್ರೆ ಅಜ್ಜಿಗೆ ಕೆಮ್ಮು ಬರುತ್ತೆ," ಎಂದಳು. "ಕಾಲಿನ ಕಡೆ ಇಡು."

ಅವನು ಅಲ್ಲೇ ಇಟ್ಟ. ಗುಬ್ಬಿ ಇನ್ನೂ ಏನೋ ಹೇಳುವವಳಿದ್ದಳು. ರೇಡಿಯೋ ಕಾದ.