ದಾರಿ ಕೇಳಿದ ನೀರು

“ಬ್ಯಾಡ ಕಣಮ್ಮ, ಇಲ್ಲ ಅನ್ಬ್ಯಾಡ. ಅದಕ್ಕೆ ಕಿವಿ ಐತೆ.”

ಮುದುಕಿ ಕರಿಬಸಮ್ಮ ಹಾಗೆಂದಾಗ ನಯನಳಿಗೆ ನಗು ತಡೆಯಲಾಗಲಿಲ್ಲ. ಯುಗಾದಿ ಕಳೆದು ಎರಡು ವಾರವಾಗಿತ್ತು. ಗೌರಿಕಟ್ಟೆಯ ಎರೆಹೊಲಗಳು ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ನೆತ್ತಿ ಸುಡುವ ಬಿಸಿಲು. ಹನಿ ನೀರಿಲ್ಲದ ಆ ತಗ್ಗಿನಲ್ಲಿ ನಿಂತು, ನೀರಿಗೆ ಕಿವಿ ಇದೆ ಎನ್ನುವವರನ್ನು ಕಂಡರೆ ಯಾರಿಗೆ ನಗು ಬರುವುದಿಲ್ಲ?

ನಯನ ಅಜ್ಜಂಪುರದ ತಾಲ್ಲೂಕು ಕಚೇರಿಗೆ ಸರ್ವೆಯರ್ ಆಗಿ ಬಂದು ಎಂಟು ತಿಂಗಳಾಗಿತ್ತು. ಶಿವನಿ ಕಡೆಯ ಈ ಹಳ್ಳಿಯಲ್ಲಿ ರುದ್ರಮೂರ್ತಿ ಎಂಬುವನು ಮನೆಗಳ ಬಡಾವಣೆ ಮಾಡಹೊರಟಿದ್ದ. ಕೆರೆಯ ಕೋಡಿಯಿಂದ ಇಳಿಯುವ ಹಳ್ಳ ಅವನ ಜಮೀನಿನ ನಡುವೆಯೇ ಹಾದುಹೋಗುತ್ತದೆ, ಅದನ್ನು ಮುಚ್ಚಿದರೆ ನೀರೆಲ್ಲ ಕೆಳಗಿನ ಕೇರಿಯ ಹನ್ನೆರಡು ಮನೆಗಳಿಗೆ ನುಗ್ಗುತ್ತದೆ ಎಂದು ಊರವರು ತಕರಾರು ಹಾಕಿದ್ದರು. ಸ್ಥಳ ನೋಡಿ ವರದಿ ಕೊಡುವ ಕೆಲಸ ನಯನಳ ಪಾಲಿಗೆ ಬಂದಿತ್ತು.

ಅವಳ ಕಾಲ ಕೆಳಗಿದ್ದ ತಗ್ಗಿನಲ್ಲಿ ಎರಡು ಗಾಲಿಯ ಜಾಡು ಉದ್ದಕ್ಕೂ ಬಿದ್ದಿತ್ತು. ಬೇಸಿಗೆಯಲ್ಲಿ ಹಳ್ಳ ಒಣಗಿದ ಮೇಲೆ ಊರವರು ಗೊಬ್ಬರದ ಗಾಡಿ ಹೊಡೆಯುತ್ತಿದ್ದದ್ದು ಅದರೊಳಗೇ. ಅಲ್ಲಿ ಕಲ್ಲಿಲ್ಲ, ಮುಳ್ಳಿಲ್ಲ, ಎತ್ತಿನ ಕಾಲಿಗೆ ಮೆತ್ತಗೆ ಮರಳು. ಊರಿನ ಹಳೇ ನಕ್ಷೆಯಲ್ಲಿ ಆ ಜಾಗಕ್ಕೊಂದು ಮಾಸಿದ ಗೆರೆಯಿತ್ತು. ಹಳ್ಳವೆಂದರೆ ಹಳ್ಳ, ಬಂಡಿದಾರಿಯೆಂದರೆ ಬಂಡಿದಾರಿ.

“ನೀವು ಕಣ್ಣಾರೆ ಏನ್ ಕಂಡ್ರೋ ಅದನ್ನ ಬರೀರಿ ಮೇಡಂ, ಸಾಕು,” ಎಂದಿದ್ದ ರುದ್ರಮೂರ್ತಿ. ಅದಕ್ಕಿಂತ ಹೆಚ್ಚು ಒಂದು ಮಾತೂ ಆಡಿರಲಿಲ್ಲ. ಹೊರಡುವಾಗ ಮಾತ್ರ, ತಗ್ಗಿನ ಬಾಯಿಗೆ ಮಣ್ಣು ತುಂಬಿ ಆಗಲೇ ಎಬ್ಬಿಸಿದ್ದ ಮಾದರಿ ಮನೆಯ ಕಡೆ ನೋಡಿ, “ಖಾಲಿ ಬಿದ್ದೈತೆ. ಯಾರಾದ್ರೂ ಸಂಜೆ ದೀಪ ಹಚ್ಚಿದ್ರೆ ಮನೆಗೂ ಲಕ್ಷಣ. ಮಗೂನ ಕರ್ಕೊಂಡು ಬಂದು ಇರಿ,” ಎಂದಿದ್ದ.

ಮಗಳು ದೀಪಶ್ರೀಗೆ ಐದು ವರ್ಷ. ನಯನಳನ್ನು ಗಂಡ ಬಿಟ್ಟುಹೋದ ಮೇಲೆ ಮಗು ದಾವಣಗೆರೆಯಲ್ಲಿ ನಯನಳ ಅಕ್ಕನ ಮನೆಯಲ್ಲಿತ್ತು. ಅಜ್ಜಂಪುರದಲ್ಲಿ ನಯನಳಿಗಿದ್ದದ್ದು ಅಂಗಡಿಯ ಮೇಲಿನ ಒಂದೇ ಕೋಣೆ, ಮಗುವನ್ನು ತರಬಾರದೆಂಬ ಷರತ್ತಿನ ಕೋಣೆ. ಕಳೆದ ಸಲ ಹೋದಾಗ ಮಗಳು ಅಕ್ಕನನ್ನು ಅಮ್ಮ ಎಂದು ಕರೆದು, ಇವಳನ್ನು ‘ನಯನಮ್ಮ’ ಎಂದಿದ್ದಳು. ಆ ಕರೆ ಇವಳ ಎದೆಯಲ್ಲಿ ಮುರಿದ ಮುಳ್ಳಿನಂತೆ ಕೂತಿತ್ತು.

ಆದ್ದರಿಂದ ಆ ದಿನ, ಊರಿನ ಪರವಾಗಿ ಅರ್ಜಿ ಹಿಡಿದು ನಿಂತ ತೀರ್ಥಪ್ಪನವರ ಎದುರಿಗೆ ಅವಳು ಗಟ್ಟಿ ದನಿಯಲ್ಲಿ, “ಇಲ್ಲಿರೋದು ಬಂಡಿದಾರಿ ಕಣ್ರೀ. ಹಳ್ಳ ಗಿಳ್ಳ ಏನೂ ಇಲ್ಲ,” ಎಂದಳು.

“ಹಂಗಾದ್ರೆ ಮಳೆಗಾಲದಾಗೆ ನಮ್ಮ ಎತ್ತು ಈಜ್ಕೊಂಡು ಹೋಯ್ತವೇನ್ ಮೇಡಂ ಈ ಬಂಡಿದಾರೀಲಿ?” ಎಂದರು ತೀರ್ಥಪ್ಪ. ಹಿಂದಿದ್ದವರು ನಕ್ಕರು. ಆಗಲೇ ಕರಿಬಸಮ್ಮ ಮುಂದೆ ಬಂದು ಬೇಡ ಎಂದದ್ದು.

ಕರಿಬಸಮ್ಮನ ಕೈಯಲ್ಲಿ ಬಟ್ಟೆಯಿಂದ ಬಾಯಿ ಬಿಗಿದ ತಾಮ್ರದ ಚೊಂಬಿತ್ತು. ಅದರೊಳಗಿದ್ದದ್ದು ಹೋದ ವರ್ಷದ ಹಳ್ಳದ ನೀರು. ಪ್ರತಿ ವರ್ಷ ಮಳೆಗೆ ಮುಂಚೆ ಕೇರಿಯ ಹಿರಿಯ ಹೆಂಗಸು ಆ ನೀರನ್ನು ಹನಿಹನಿಯಾಗಿ ಚೆಲ್ಲುತ್ತ ಕೋಡಿಯಿಂದ ಹಳ್ಳ ಸೇರುವ ಮುಂದಿನ ಕೆರೆಯವರೆಗೆ ಒಣಹಳ್ಳದಲ್ಲಿ ನಡೆಯಬೇಕು. ನೀರಿಗೆ ದಾರಿ ನೆನಪು ಮಾಡಿಕೊಡುವುದು ಎನ್ನುತ್ತಿದ್ದರು. ನಲವತ್ತು ವರ್ಷದಿಂದ ನಡೆದವಳು ಕರಿಬಸಮ್ಮ.

“ಇದೇನಜ್ಜಿ, ಮಾಟ ಮಾಡೋಕೆ ಬಂದ್ರಾ? ನಿಂಬೆಹಣ್ಣು ಎಲ್ಲಿ, ಕುಂಕುಮ ಎಲ್ಲಿ?” ಎಂದಳು ನಯನ.

“ಮಾಟಕ್ಕೆ ಅವೆಲ್ಲ ಯಾಕವ್ವ, ನಾಲಿಗೆ ಇದ್ರೆ ಸಾಕು.” ಮುದುಕಿಗೆ ಕೋಪವಿರಲಿಲ್ಲ. ಅದೇ ನಯನಳನ್ನು ಕೆಣಕಿತು. “ಇರೋ ದಾರೀನ ಇಲ್ಲ ಅಂದ್ರೆ ನೀರು ದಾರಿ ತಪ್ಪತೈತೆ. ತಪ್ಪಿದ್ದು ಸುಮ್ನೆ ಕೂರಾಕಿಲ್ಲ. ಇಲ್ಲ ಅಂದೋರ ಮನೆ ಹುಡುಕ್ಕೊಂಡು ಬಂದು, ಹಂಗಾದ್ರೆ ನಂಗೆ ದಾರಿ ಯಾವ್ದು ಅಂತ ಕೇಳತೈತೆ. ಉತ್ರ ಸಿಗೋಗಂಟ ಬಿಡಾಕಿಲ್ಲ.”

ನಯನ ಕೈಚಾಚಿ ಆ ಚೊಂಬನ್ನು ಕಿತ್ತುಕೊಂಡಳು. ಅಷ್ಟು ಬಿಸಿಲಿನಲ್ಲೂ ತಾಮ್ರ ಹೆಣದಂತೆ ತಣ್ಣಗಿತ್ತು. ಚೊಂಬಿನ ಬಾಯಿಯ ಹತ್ತಿರ ಮುಖ ತಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಇಲ್ಲಿ ಹಳ್ಳ ಇಲ್ಲ. ಕೇಳಿಸ್ತಾ?”

ಯಾರೂ ನಗಲಿಲ್ಲ. ಒಳಗಿನ ನೀರು ಒಮ್ಮೆ ತಾನಾಗಿ ಕುಲುಕಿತು. ಕರಿಬಸಮ್ಮ ಚೊಂಬನ್ನು ಮೆಲ್ಲಗೆ ವಾಪಸು ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡಳು.

“ಹೋಗ್ಲಿ ಬಿಡು. ಅದು ಬಂದಾಗಾದ್ರೂ ನಿಜ ಹೇಳು. ನೀನೂ ಹೆತ್ತೋಳೇ ಅಲ್ವಾ.”

*

ವರದಿ ಹೋಯಿತು. ‘ಸ್ಥಳದಲ್ಲಿ ಬಂಡಿದಾರಿ ಇದ್ದು, ಹಳ್ಳ ಕಂಡುಬಂದಿರುವುದಿಲ್ಲ.’ ವಾರದೊಳಗೆ ತಗ್ಗನ್ನೆಲ್ಲ ಮಣ್ಣು ತುಂಬಿ ಮುಚ್ಚಿದರು. ಅದರ ಮೇಲೆ ಆಳೆತ್ತರದ ಕಾಂಪೌಂಡು ಎದ್ದಿತು. ಶಾಲೆ ಶುರುವಾಗುವ ಹೊತ್ತಿಗೆ ನಯನ ಮಗಳನ್ನು ಕರೆತಂದು ಮಾದರಿ ಮನೆಯಲ್ಲಿ ಹಾಲುಕ್ಕಿಸಿದಳು. ಮೊದಲ ದಿನವೇ ದೀಪಶ್ರೀ ಅವಳ ಕೊರಳಿಗೆ ಜೋತುಬಿದ್ದು “ಅಮ್ಮ” ಎಂದಳು. ಅಷ್ಟು ಸಾಕಿತ್ತು ಅವಳಿಗೆ.

ವಾಸನೆ ಬರತೊಡಗಿದ್ದು ಆಷಾಢದಲ್ಲಿ. ಹೊಸ ಸುಣ್ಣದ ಮನೆಯಲ್ಲಿ ಕೆರೆಯ ಕೆಸರಿನ ವಾಸನೆ, ಕೊಳೆತ ಆಪುಹುಲ್ಲಿನ ವಾಸನೆ, ಬಿಸಿಲಿಗೆ ಸತ್ತ ಮೀನಿನ ವಾಸನೆ. ಅಕ್ಕಿ ಡಬ್ಬಿಯಲ್ಲಿ, ದಿಂಬಿನಲ್ಲಿ, ಮಗಳ ಕೂದಲಲ್ಲಿ. ಆಮೇಲೆ ನೆಲದೊಳಗಿನ ಸದ್ದು. ಟೈಲ್ಸ್ ಮೇಲೆ ಕಿವಿಯಿಟ್ಟರೆ, ಕೆಳಗೆ ಯಾರೋ ಕತ್ತಲಲ್ಲಿ ಗೋಡೆ ತಡವುತ್ತ ಆ ಮೂಲೆಯಿಂದ ಈ ಮೂಲೆಗೆ ಹೋಗಿಬರುವಂತಿತ್ತು. ಬೆಳಗ್ಗೆ ಎದ್ದರೆ ಬಾಗಿಲಿಂದ ಹಾಸಿಗೆಯವರೆಗೆ ಒದ್ದೆ. ಹೆಜ್ಜೆಯ ಗುರುತಲ್ಲ, ಸುಮ್ಮನೆ ಒಂದು ಒದ್ದೆ ಗೆರೆ. ನಕ್ಷೆಯಲ್ಲಿದ್ದ ಗೆರೆಯ ಹಾಗೇ ಡೊಂಕು.

ಪೈಪು ಸೋರುತ್ತಿದೆ ಎಂದುಕೊಂಡಳು. ರಿಪೇರಿಯವನು ಬಂದು ನೋಡಿ, “ಪೈಪೆಲ್ಲಾ ನೆಟ್ಟಗೈತಲ್ರೀ,” ಎಂದು ಹೋದ.

ಭಾದ್ರಪದದ ಒಂದು ಮಧ್ಯಾಹ್ನ ಕಚೇರಿಯಲ್ಲಿ ಆ ಫೈಲನ್ನು ತೆಗೆದಳು. ಒಂದು ತಿದ್ದುಪಡಿ ಪತ್ರ ಸಾಕು, ಮತ್ತೊಮ್ಮೆ ಸ್ಥಳ ಪರಿಶೀಲನೆ ಆಗಲೆಂದು ಎರಡು ಸಾಲು. ಪೆನ್ನಿನ ಮುಚ್ಚಳ ತೆಗೆದಳು. ಬರೆದರೆ ಮನೆ ಹೋಗುತ್ತದೆ. ಮನೆ ಹೋದರೆ ಮಗಳು ಮತ್ತೆ ದಾವಣಗೆರೆಗೆ. ಮತ್ತೆ ‘ನಯನಮ್ಮ’. ಮಳೆಗಾಲ ಹೇಗೂ ಮುಗಿಯುತ್ತ ಬಂತು, ಈ ಸೀಮೆಯಲ್ಲಿ ಕೋಡಿ ಬೀಳುವುದೇ ಎಷ್ಟು ವರ್ಷಕ್ಕೊಮ್ಮೆ, ಇದೊಂದು ವರ್ಷ ಕಳೆಯಲಿ ಎಂದು ತನಗೆ ತಾನೇ ಹೇಳಿಕೊಂಡಳು. ಮುಚ್ಚಳ ಹಾಕಿದಳು. ಫೈಲು ಕಟ್ಟುವಾಗ ಬೆರಳಿಗೆ ದಾರ ಒದ್ದೆಯಾಗಿ ತಗಲಿತು.

*

ಹಸ್ತದ ಮಳೆ ಮೂರು ದಿನ ಬಿಡದೆ ಹೊಡೆಯಿತು. ಮೂರನೆಯ ದಿನ ಭಾನುವಾರ. ಕೋಡಿ ಬಿತ್ತೆಂದು ಬೆಳಗ್ಗೆ ಹಾಲಿನವಳು ಹೇಳಿಹೋದಳು. ಮಧ್ಯಾಹ್ನ ಎರಡಕ್ಕೆ ಮೋಡ ಇಳಿದು ಮನೆಯೊಳಗೆ ಕತ್ತಲಾಯಿತು. ಕರೆಂಟು ಹೋಯಿತು. ಊಟ ಮಾಡಿದ ಮಗು ಮಂಚದ ಮೇಲೆ ನಿದ್ದೆ ಹೋಗಿತ್ತು.

ಇದ್ದಕ್ಕಿದ್ದಂತೆ ಮಳೆಯ ಸದ್ದು ನಿಂತಿತು.

ಮಳೆ ನಿಂತಿರಲಿಲ್ಲ. ಕಿಟಕಿಯಾಚೆ ಧಾರೆ ಕಾಣುತ್ತಲೇ ಇತ್ತು. ಸದ್ದು ಮಾತ್ರ ಇರಲಿಲ್ಲ. ನಯನ ಬಾಗಿಲು ತೆರೆದಳು.

ಅಂಗಳದ ತುಂಬ ನೀರು. ಎರೆಮಣ್ಣಿನ ಕಪ್ಪು ನೀರು. ಮೊಣಕಾಲೆತ್ತರ ನಿಂತಿತ್ತು. ಹರಿಯುತ್ತಿರಲಿಲ್ಲ, ಸುಳಿಯುತ್ತಿರಲಿಲ್ಲ. ಹೊಸ್ತಿಲಿಗೆ ಒಂದು ಗೇಣು ದೂರದಲ್ಲಿ, ಒಳಗೆ ಬರಲೋ ಬೇಡವೋ ಎಂದು ಕಾಯುವ ನೆಂಟರ ಹಾಗೆ ನಿಂತಿತ್ತು. ಅದರ ಹಿಂದೆ ಇನ್ನಷ್ಟು ನೀರು. ಅದರ ಹಿಂದೆ ಇನ್ನಷ್ಟು. ಕೋಡಿಯವರೆಗೂ ಒಂದರ ಬೆನ್ನಿಗೊಂದು ಆತು ನಿಂತಿತ್ತು. ಹಿಂದಿನದು ಏರುತ್ತಿತ್ತು. ಮುಂದಿನದು ಕಾಯುತ್ತಿತ್ತು.

“ದಾರಿ ಯಾವ್ದು?”

ದನಿ ಬಂದದ್ದು ಬೆನ್ನ ಹಿಂದಿನಿಂದ. ದೀಪಶ್ರೀ ಮಂಚದ ಮೇಲೆ ಎದ್ದು ಕೂತಿದ್ದಳು. ಕಣ್ಣು ಮುಚ್ಚಿತ್ತು. ತುಟಿ ಅಲುಗುತ್ತಿತ್ತು. ದನಿ ಮಗುವಿನದಲ್ಲ. ಚೊಂಬಿನ ತಳದಿಂದ ಬಂದಂಥ ದನಿ.

“ಹೇಳು. ದಾರಿ ಯಾವ್ದು?”

ನಯನಳಿಗೆ ಉತ್ತರ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು. ದಾರಿ ಅವಳು ನಿಂತ ಜಾಗವೇ. ಈ ಹೊಸ್ತಿಲು, ಈ ಮಂಚ, ಮಂಚದ ಹಿಂದಿನ ಗೋಡೆ, ಅದರಾಚೆ ಮುಚ್ಚಿದ ತಗ್ಗು. ಇಲ್ಲೇ ಎಂದರೆ ಸಾಕು. ಅಂದರೆ ನೀರು ಈ ಮನೆಯನ್ನು ಹೊತ್ತುಕೊಂಡೇ ಹೋಗುತ್ತದೆ. ಸುತ್ತಲೂ ನೀರು. ತಾರಸಿಗೆ ಮೆಟ್ಟಿಲು ಇನ್ನೂ ಕಟ್ಟಿರಲಿಲ್ಲ. ಮಗುವನ್ನು ಎತ್ತಿಕೊಂಡಳು. ಮೈ ಆ ತಾಮ್ರದ ಹಾಗೆ ತಣ್ಣಗಿತ್ತು. ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು.

ನೀರು ಹೊಸ್ತಿಲು ಮುಟ್ಟಿತು. ಅವಳ ಹೆಬ್ಬೆರಳು ಮುಟ್ಟಿತು.

“ದಾರಿ ಯಾವ್ದು?”

ಎಡಕ್ಕೆ, ಕಾಂಪೌಂಡಿನ ಕೊನೆಯಲ್ಲಿ, ಇಳಿಜಾರು. ಇಳಿಜಾರಿನ ಕೆಳಗೆ ಕೇರಿ. ಹನ್ನೆರಡು ಮನೆ. ಯಾವುದೋ ಮನೆಯಿಂದ ಮಳೆಯಲ್ಲೂ ಹೊಗೆ ಏಳುತ್ತಿತ್ತು. ಯಾರೋ ಒಲೆ ಹಚ್ಚಿದ್ದರು. ಅದನ್ನು ಅವಳು ನೋಡಿದಳು. ನೋಡಲಿಲ್ಲವೆಂದು ಆಮೇಲೆ ಎಂದೂ ತನಗೆ ತಾನೇ ಸುಳ್ಳು ಹೇಳಿಕೊಳ್ಳಲಾಗಲಿಲ್ಲ.

ಮಗುವನ್ನು ಎದೆಗೊತ್ತಿಕೊಂಡಳು. ಬಲಗೈ ಎತ್ತಿದಳು. ಎಡಕ್ಕೆ ತೋರಿಸಿದಳು.

ಸದ್ದು ಒಮ್ಮೆಲೇ ವಾಪಸು ಬಂತು. ನೀರು ತಿರುಗಿತು.

*

ತೀರ್ಥಪ್ಪ ಗುಡಿಯ ಗಂಟೆ ಬಾರಿಸಿ ಕೇರಿಯವರನ್ನು ಎಚ್ಚರಿಸಿದ್ದರಿಂದ ಹನ್ನೆರಡು ಮನೆಯವರೂ ಮಕ್ಕಳು ಮರಿ ಕಟ್ಟಿಕೊಂಡು ಗುಡಿಯ ದಿಬ್ಬ ಹತ್ತಿದರು. ಕರಿಬಸಮ್ಮ ಮಾತ್ರ ಏಳಲಿಲ್ಲ. ಸೊಸೆ ತೀರ್ಥಮ್ಮ ಕೈಹಿಡಿದು ಎಳೆದರೂ ಏಳಲಿಲ್ಲ. ಒಲೆಯ ಮುಂದೆ ಚೊಂಬು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳಂತೆ. ಅವಳ ಕೊನೆಯ ಮಾತನ್ನು ಊರೆಲ್ಲ ಹೇಳುತ್ತಿತ್ತು:

“ನಮ್ ಕೇರಿಗೆ ಬರಾಕಿಲ್ಲ ಬಿಡ್ರೇ. ಅದು ಆ ಸರ್ವೆ ಮೇಡಮ್ಮನ ಹತ್ರ ಕೇಳಾಕೆ ಹೋಗೈತೆ. ಅವಳು ಹೇಳತಾಳೆ. ಹೆತ್ತೋಳು.”

ಮೂರನೆಯ ದಿನ ಕುಸಿದ ಮನೆಯ ಮಣ್ಣಿನಡಿಯಿಂದ ಅವಳ ಹೆಣ ತೆಗೆದಾಗ ಚೊಂಬು ಕೈಯಲ್ಲೇ ಇತ್ತು.

ನಯನ ಆ ವಾರವೇ ಬರೆದಳು. ಹಳ್ಳ ಇದೆ, ತನ್ನ ವರದಿ ತಪ್ಪು, ಕ್ರಮಕ್ಕೆ ಬದ್ಧಳು. ಕೆಲಸದಿಂದ ಅಮಾನತು ಮಾಡಿದರು. ಕಾಂಪೌಂಡು ಒಡೆದು ಮಣ್ಣು ತೆಗೆಸಿದರು. ತಪ್ಪು ಒಪ್ಪಿಕೊಂಡಳಲ್ಲ, ದೊಡ್ಡ ಮನಸ್ಸು ಎಂದರು ಕೆಲವರು. ಆದರೆ ಕಾಗದದ ಮೇಲಿದ್ದದ್ದು ಬೇಸಿಗೆಯ ತಪ್ಪು. ಆ ಭಾನುವಾರದ ಬಲಗೈ ಯಾವ ಕಾಗದದಲ್ಲೂ ಇರಲಿಲ್ಲ.

ಮಗಳು ಅವಳ ಹತ್ತಿರವೇ ಉಳಿದಳು. ಅಕ್ಕ ಬಂದು ನೋಡಿ, ಬೆದರಿ, ಮಗುವನ್ನು ಕರೆದೊಯ್ಯುವ ಮಾತೆತ್ತದೆ ಹೊರಟುಹೋಗಿದ್ದಳು. ದೀಪಶ್ರೀ ನಗುತ್ತಿದ್ದಳು, ಉಣ್ಣುತ್ತಿದ್ದಳು. ಆದರೆ ಪ್ರತಿ ಬಾಗಿಲಲ್ಲೂ ನಿಲ್ಲುತ್ತಿದ್ದಳು. ಕೋಣೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಬಚ್ಚಲಿಗೆ ಹೋಗಬೇಕಾದರೂ ನಿಂತು, ಒದ್ದೆ ಕಣ್ಣೆತ್ತಿ ಕೇಳುತ್ತಿದ್ದಳು: “ಅಮ್ಮ, ದಾರಿ ಯಾವ್ದು?” ಹೇಳುವವರೆಗೆ ಕದಲುತ್ತಿರಲಿಲ್ಲ. ದಿನಕ್ಕೆ ನೂರು ಸಲ. ನಯನ ಹೇಳುತ್ತಿದ್ದಳು. ಒಂದು ಸಲವೂ ಗದರಲಿಲ್ಲ.

ಮುಂದಿನ ಯುಗಾದಿ ಕಳೆದ ಮೇಲೆ ಒಂದು ಸಂಜೆ, ಅಜ್ಜಂಪುರದ ಅಂಗಡಿ ಬೀದಿಯಲ್ಲಿ ನಯನ ಈಗಿದ್ದ ಬಾಡಿಗೆ ಮನೆಗೆ ಗೌರಿಕಟ್ಟೆಯ ನಾಲ್ಕು ಹೆಂಗಸರು ಬಂದರು. ಮುಂದೆ ಕರಿಬಸಮ್ಮನ ಸೊಸೆ ತೀರ್ಥಮ್ಮ. ಕೈಯಲ್ಲಿ ಅದೇ ಚೊಂಬು, ಹುಣಸೆಹಣ್ಣು ಹಾಕಿ ಬೆಳಗಿ ಕೆಂಪಗೆ ಹೊಳೆಯುತ್ತಿತ್ತು.

“ಈ ವರ್ಷ ನೀವು ನಡೀಬೇಕಂತ ಕೇಳಾಕೆ ಬಂದ್ವಿ ಕಣಕ್ಕ,” ಎಂದಳು. “ನಡೆಯೋ ಹಿರೇರು ನೀರಿಗೆ ಹೋದ್ರೆ, ನೀರು ಕೊನೇಲಿ ಯಾರ ಮಾತು ಕೇಳ್ತೋ ಅವರೇ ಮುಂದೆ ದಾರಿ ತೋರಿಸ್ಬೇಕು. ನಮ್ಮಲ್ಲಿ ಹಂಗೇ.”

ನಯನ ಚೊಂಬಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

“ನಮ್ಮತ್ತೆ ನಿಮ್ಮೇಲೆ ಕೋಪ ಇಟ್ಕೊಂಡು ಹೋಗ್ಲಿಲ್ಲ. ನೀವು ನಿಜಾನೇ ಹೇಳಿರ್ತೀರ ಅಂತ ನಾವೂ ನಂಬಿದೀವಿ. ನೀರೇ ದುಡುಕ್ತು. ಏನ್ ಮಾಡಾಕಾಯ್ತದೆ.” ತೀರ್ಥಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಮೆಲ್ಲಗೆ ಕೇಳಿದಳು. “ಒಂದ್ ಮಾತು. ಅವತ್ತು ಬಂದು ಕೇಳ್ತಲ್ಲ, ಏನಂದ್ರಿ ಅದಕ್ಕೆ?”

ನಯನ ಬಾಯಿ ತೆರೆದಳು. ‘ಇಲ್ಲೇ ಅಂದೆ’ ಎಂಬ ಎರಡು ಮಾತು ತುಟಿಯವರೆಗೆ ಬಂದು ನಿಂತವು.

ಒಳಬಾಗಿಲಲ್ಲಿ ನಿಂತಿದ್ದ ದೀಪಶ್ರೀ ಅಂದು ಯಾರನ್ನೂ ದಾರಿ ಕೇಳಲಿಲ್ಲ. ನೇರ ನಡೆದು ಬಂದು ಹೆಂಗಸರ ನಡುವೆ ನಿಂತಳು. ಅವಳ ಹಿಂದೆ ನೆಲದ ಮೇಲೆ ಒದ್ದೆ ಗೆರೆಯೊಂದು ಡೊಂಕುಡೊಂಕಾಗಿ ಬಿದ್ದಿತ್ತು.

“ಅಮ್ಮ ಏನೂ ಅನ್ಲಿಲ್ಲ,” ಎಂದಳು. “ಹೀಗೆ ಮಾಡಿದ್ಲು.”

ಪುಟ್ಟ ಬಲಗೈ ಮೇಲೆದ್ದು ಎಡಕ್ಕೆ ಚಾಚಿತು. ಗೌರಿಕಟ್ಟೆಯ ಕೆಳಗಿನ ಕೇರಿಯಿದ್ದ ದಿಕ್ಕಿಗೆ. ಬೆರಳ ತುದಿಯಿಂದ ಒಂದು ಕಪ್ಪು ಹನಿ ಕಳಚಿ ಚೊಂಬಿನೊಳಗೆ ಬಿತ್ತು.

ಹೆಂಗಸರು ಆ ಬೆರಳನ್ನು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ನಯನಳ ಕೈಯನ್ನು ನೋಡಿದರು.