ಇವತ್ತು ತಲೆ ತೊಳೆದಿಲ್ಲ

"ಅಲ್ಲಾಡಬೇಡಿ... ಪ್ಲೀಸ್, ಒಂದೇ ನಿಮಿಷ!"

ಎರಡು ತಿಂಗಳಿಂದ ವ್ಯಾಯಾಮದ ಹಾಲಿನ ಆ ಮೂಲೆಯಿಂದ ಈ ಮೂಲೆಗೆ ಬರೀ ಒಂದು ನಗು ಕಳಿಸುತ್ತಿದ್ದವನು ಇವತ್ತು ಮೊದಲ ಸಲ ಬಾಯಿ ಬಿಟ್ಟಿದ್ದ. ಅದೂ ಎಂಥ ಹೊತ್ತಿನಲ್ಲಿ!

ಕೋಚ್ ಮೇಡಂ ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿದ್ದರು. ಭಾರದ ಚೆಂಡನ್ನು ತಲೆಯ ಮೇಲಿಂದ ಹಿಂದಿನವರಿಗೆ ದಾಟಿಸಬೇಕು. ಹತ್ತನೇ ಸಲ ಚೆಂಡು ಕೈ ಬದಲಾಯಿಸುವಾಗ ಅವನ ಕೈಗಡಿಯಾರದ ಸ್ಟೀಲ್ ಪಟ್ಟಿ ಅವಳ ಗುಂಗುರು ಕೂದಲಿಗೆ ಸಿಕ್ಕಿಕೊಂಡಿತು. ಪಟ್ಟಿಯ ಕೊಂಡಿಯೇ ಕೂದಲೊಳಗೆ ಹೂತುಹೋಗಿದ್ದರಿಂದ ಗಡಿಯಾರ ಬಿಚ್ಚುವ ಹಾಗೂ ಇರಲಿಲ್ಲ.

ಅವನು ಮೆಲ್ಲಗೆ ತಿರುಗಿದ. ಇನ್ನೊಂದು ಕೈಯಿಂದ ಒಂದೊಂದೇ ಎಳೆ ಬಿಡಿಸತೊಡಗಿದ. ಅವನ ಉಸಿರು ಅವಳ ನೆತ್ತಿಗೆ ತಾಗುತ್ತಿತ್ತು.

ಬೇರೆ ಹುಡುಗಿಯಾಗಿದ್ದರೆ ಕಣ್ಣು ಮುಚ್ಚಿ ಈ ನಿಮಿಷ ಮುಗಿಯದಿರಲಿ ಅನ್ನುತ್ತಿದ್ದಳು. ನಮ್ಮ ಗುಂಗುರಿಗೆ ಮಾತ್ರ ಎದೆ ಡವಡವ!

'ಅಯ್ಯೋ... ತಲೆ ತೊಳೆದು ನಾಲ್ಕು ದಿನ ಆಯ್ತು! ನಾಲ್ಕು ದಿನದ ಬೆವರು! ಇವರ ಮೂಗು ಸರಿಯಾಗಿ ನನ್ನ ನೆತ್ತಿ ಮೇಲಿದೆ!'

"ಮೇಡಂ, ಕತ್ತರಿ ಕೊಡಿ!" ಅವಳು ಕಿರುಚಿಯೇ ಬಿಟ್ಟಳು.

"ಬೇಡ ರೀ, ಬಂದೇ ಬಿಡ್ತು..." ಅಂದ ಅವನು.

ಅಷ್ಟರಲ್ಲಿ ಅವಳು ಪಕ್ಕದ ಪ್ರಥಮ ಚಿಕಿತ್ಸೆಯ ಡಬ್ಬಿಗೆ ಕೈಹಾಕಿ ಕತ್ತರಿ ತೆಗೆದು, ಕಚ್ ಎಂದು ಆ ಗೊಂಚಲನ್ನೇ ಕತ್ತರಿಸಿ ಮೂರು ಹೆಜ್ಜೆ ದೂರ ನೆಗೆದಿದ್ದಳು.

ಅವನು "ಸಾರಿ" ಅಂದ. ಆಮೇಲೆ, ಯಾರೂ ನೋಡುತ್ತಿಲ್ಲ ಅಂದುಕೊಂಡು, ತನ್ನ ಬೆರಳುಗಳನ್ನು ಮೂಗಿನ ಹತ್ತಿರ ತಂದುಕೊಂಡ. ಅವನ ಮುಖ ಸಪ್ಪಗಾಯಿತು.

ಅವಳು ಅದನ್ನು ನೋಡಿಬಿಟ್ಟಳು!

'ಮುಗೀತು... ನನ್ನ ತಲೆ ವಾಸನೆ ಅವರ ಕೈಗೂ ಅಂಟ್ತು!'

*

ಈ ಭಯ ಇವತ್ತಿನದಲ್ಲ. ಹಾಸ್ಟೆಲಿನಲ್ಲಿದ್ದಾಗ, ಇವಳು ತಲೆ ತೊಳೆಯದ ಒಂದು ರಾತ್ರಿ, ಪಕ್ಕದ ಮಂಚದ ಗೆಳತಿ ದಿಂಬನ್ನು ತಲೆಯ ಕಡೆಯಿಂದ ಕಾಲಿನ ಕಡೆಗೆ ಹಾಕಿಕೊಂಡು ಮಲಗಿದ್ದಳು. ಯಾಕೆ ಅಂತ ಇವಳು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆ ರಾತ್ರಿಯಿಂದ ಇವಳ ಬದುಕು ತಲೆ ತೊಳೆಯುವ ದಿನಗಳ ಲೆಕ್ಕದ ಮೇಲೆ ನಡೆಯುತ್ತಿತ್ತು. ತೊಳೆದ ದಿನ ಸಿನಿಮಾ, ಗೆಳತಿಯರು, ಫೋಟೋ. ತೊಳೆಯದ ದಿನ ಹೊಟ್ಟೆನೋವು, ತಲೆನೋವು, ಇಲ್ಲದ ಕೆಲಸ!

ವ್ಯಾಯಾಮ ಬಿಟ್ಟರೆ ಬೆವರೂ ಇಲ್ಲ, ನಿಜ. ಆದರೆ ಅಪ್ಪನಿಗೆ ಸಕ್ಕರೆ ಕಾಯಿಲೆ, ಅವಳ ರಕ್ತಪರೀಕ್ಷೆಯೂ ಅಂಚಿನಲ್ಲಿ ನಿಂತಿತ್ತು. "ವಾರಕ್ಕೆ ಐದು ದಿನ ಚೆನ್ನಾಗಿ ಬೆವರಬೇಕು" ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಹಾಗಾಗಿ ಮಾರನೇ ದಿನದಿಂದ ಅವಳು ಬೇರೆ ದಾರಿ ಹಿಡಿದಳು. ದಿನಾ ಶಾಂಪೂ! ಬೆಳಗಿನ ವ್ಯಾಯಾಮ ಮುಗಿಸಿ ಬಂದವಳೇ ನೊರೆ ನೊರೆಯಾಗಿ ತಿಕ್ಕುವುದು, ಒಣಗಿಸಲು ಹೊತ್ತಿಲ್ಲದೆ ಒದ್ದೆ ಕೂದಲನ್ನೇ ಬಿಗಿಯಾಗಿ ಗಂಟು ಕಟ್ಟಿ ಕನ್ನಡಕದ ಅಂಗಡಿಗೆ ಓಡುವುದು. ಅಲ್ಲಿ ಕಣ್ಣು ಪರೀಕ್ಷೆ ಮಾಡುವವಳು ಅವಳೇ.

"ಗುಂಗುರಿ, ತಲೆ ತೊಳೀತಿದ್ದೀಯೋ, ಬಟ್ಟೆ ಒಗೀತಿದ್ದೀಯೋ?" ಅಮ್ಮ ಬಾತ್‌ರೂಮಿನ ಬಾಗಿಲು ಬಡಿದು ಕೇಳುತ್ತಿದ್ದಳು.

ವಿಚಿತ್ರ ಅಂದರೆ, ಮಧ್ಯಾಹ್ನದ ಹೊತ್ತಿಗೆ ಆ ಗಂಟಿನಿಂದ ಒಂದು ಮುಗ್ಗಲು ವಾಸನೆ ಬರತೊಡಗಿತು. 'ಇಷ್ಟು ತೊಳೆದರೂ ಹೋಗಲ್ಲ ಅಂದ್ರೆ, ನನ್ನ ತಲೇನೇ ಹೀಗೆ...' ಅವಳಿಗೆ ಅಳು ಬರುತ್ತಿತ್ತು.

ಅಂಥ ಒಂದು ಮಧ್ಯಾಹ್ನವೇ ಬರಬೇಕಿತ್ತಾ ಅವನು, ಅಂಗಡಿಗೆ!

"ಹತ್ತಿರದ್ದು ಮಸುಕು ಮಸುಕು ಕಾಣುತ್ತೆ. ನಂದು ಮರಕ್ಕೆ ಪಾಲಿಶ್ ಹಾಕೋ ಕೆಲಸ. ಮರದ ಎಳೆ ಕಾಣದಿದ್ರೆ ಕಷ್ಟ." ಅವನು ಕುರ್ಚಿಯ ಅಂಚಿನಲ್ಲಿ ಕೂತ. ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿ.

ಪರೀಕ್ಷೆಯ ಕನ್ನಡಕವನ್ನು ಗಿರಾಕಿಯ ಮೂಗಿನ ಮೇಲೆ ಅವಳೇ ಇಟ್ಟು, ಕಿವಿಯ ಹಿಂದೆ ಕೂರಿಸುವುದು ರೂಢಿ. ಇವತ್ತು ಅದನ್ನು ಮೇಜಿನ ಮೇಲೆ ಇಟ್ಟು ಅವನ ಕಡೆಗೆ ತಳ್ಳಿದಳು.

"ನೀವೇ ಹಾಕ್ಕೊಳ್ಳಿ. ಕೊನೇ ಸಾಲು ಓದಿ."

"ಕಾಣಲ್ಲ."

ಅವಳು ತೋಳು ಚಾಚಿ, ಉಸಿರು ಬಿಗಿಹಿಡಿದು ಗಾಜು ಬದಲಿಸಿದಳು. "ಈಗ?"

"ಈಗ ಕಾಣುತ್ತೆ..." ಅವನು ಕನ್ನಡಕ ಕಳಚಿಟ್ಟು, ಕೈಗಳನ್ನು ಮತ್ತೆ ಜೇಬಿಗೆ ಸೇರಿಸಿದ. "ನೀವು ಎಲ್ಲರನ್ನೂ ಇಷ್ಟು ದೂರ ನಿಂತೇ ನೋಡ್ತೀರಾ?"

"ಹೂಂ... ಹಾಗೇ ನಮ್ಮಲ್ಲಿ."

ಚೀಟಿಗಾಗಿ ಅವನು ಕಾಯುತ್ತಿದ್ದಾಗ ಮುಂದಿನ ಗಿರಾಕಿ ಬಂದರು, ಒಬ್ಬ ಅಜ್ಜಿ. ಗುಂಗುರಿ ಅಜ್ಜಿಯ ಮುಖಕ್ಕೆ ಮುಖ ತಂದು, ನಗುನಗುತ್ತಾ ಕನ್ನಡಕ ಕೂರಿಸಿದಳು. ಪಾಪ, ಅಜ್ಜಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಅದೇ ಅವಳ ಧೈರ್ಯ! ಆದರೆ ಅದು ಅವನಿಗೆ ಹೇಗೆ ಗೊತ್ತಾಗಬೇಕು?

ಅವನು ಚೀಟಿ ತಗೊಂಡು, ತಲೆ ಎತ್ತದೆ ಹೊರಟುಹೋದ. ಮಾರನೇ ದಿನ ವ್ಯಾಯಾಮಕ್ಕೆ ಬಂದವನು ಹಾಲಿನ ಆ ತುದಿಗೆ ಚಾಪೆ ಹಾಸಿದ. ಆ ನಗುವೂ ನಿಂತುಹೋಯಿತು.

*

ತಿಂಗಳು ಕಳೆಯುವಷ್ಟರಲ್ಲಿ ಬಾಚಣಿಗೆ ತುಂಬ ಕೂದಲು! ಮುಟ್ಟಿದರೆ ತೆಂಗಿನ ನಾರು! ಅವಳು ಹೆದರಿ ಪಾರ್ಲರಿನ ಅಕ್ಕನ ಹತ್ತಿರ ಓಡಿದಳು. ಅಕ್ಕನದೂ ಗುಂಗುರು ಕೂದಲೇ.

"ದಿನಾ ಶಾಂಪೂನಾ?" ಅಕ್ಕ ಹಣೆ ಚಚ್ಚಿಕೊಂಡಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ! ಬೆವರೋದು ಬುಡ ಕಣೇ, ನೀನು ತುದೀನ ಯಾಕೆ ಸಾಯಿಸ್ತಿದ್ದೀಯ? ಗುಂಗುರು ಕೂದಲಿಗೆ ಬುಡದ ಎಣ್ಣೆ ತುದಿ ಮುಟ್ಟೋದೇ ಕಷ್ಟ. ಅದನ್ನೂ ದಿನಾ ತೊಳೆದು ಹಾಕಿದ್ರೆ ಮುರೀದೇ ಇನ್ನೇನು ಮಾಡುತ್ತೆ?"

"ಮತ್ತೆ ಬೆವರು, ಅಕ್ಕಾ?"

"ವಾರಕ್ಕೆ ಎರಡು ಸಲ ಶಾಂಪೂ, ತೀರಾ ಅಂದ್ರೆ ಮೂರು. ಅದೂ ಬುಡಕ್ಕೆ ಮಾತ್ರ. ಮಿಕ್ಕ ದಿನ ತುಂಬಾ ಬೆವರಿದ್ರೆ ಬರೀ ನೀರು ಬಿಟ್ಟು ಬುಡದಲ್ಲಿ ಬೆರಳಾಡಿಸು, ತುದಿಗೆ ಕಂಡೀಷನರ್ ಹಚ್ಚು. ವ್ಯಾಯಾಮ ಮಾಡುವಾಗ ಮೇಲೆತ್ತಿ ಸಡಿಲವಾಗಿ ಕಟ್ಟು. ಎಲ್ಲರ ತಲೆನೂ ಒಂದೇ ಅಲ್ಲ, ನಿಂದಕ್ಕೆ ಏನು ಒಗ್ಗುತ್ತೆ ಅಂತ ನೀನೇ ನೋಡ್ಕೊಂಡು ಹೆಚ್ಚುಕಮ್ಮಿ ಮಾಡ್ಕೋ. ಆದ್ರೆ ಒದ್ದೆ ಕೂದಲು ಗಂಟು ಕಟ್ಟಿದ್ಯೋ, ನೋಡು ಮತ್ತೆ! ಆ ಮುಗ್ಗಲು ವಾಸನೆ ಬರೋದು ಅದರಿಂದಲೇ."

ಅಂದರೆ... ಆ ವಾಸನೆಯನ್ನು ಅವಳೇ ಕೈಯಾರೆ ತಂದುಕೊಂಡಿದ್ದಳು! ಅವಳು ನಾಚಿ ಕನ್ನಡಿಯಿಂದ ಮುಖ ತಿರುಗಿಸಿದಳು.

ಅಕ್ಕ ಹೇಳಿದ ಹಾಗೇ ಮಾಡಿದಳು. ಭಾನುವಾರ, ಬುಧವಾರ ಶಾಂಪೂ. ಮೂರು ವಾರಕ್ಕೆ ಗುಂಗುರು ಮತ್ತೆ ಮೆತ್ತಗಾಯಿತು, ಮುಗ್ಗಲು ಹೋಯಿತು. ಕೂದಲು ಸರಿಹೋಯಿತು, ಮನಸ್ಸು ಎಲ್ಲಿ ಸರಿಹೋಗಬೇಕು? ಅವನು ಬೆರಳು ಮೂಸಿಕೊಂಡ ಆ ಗಳಿಗೆ ಕಣ್ಣಿಗೆ ಕಟ್ಟಿದ ಹಾಗೇ ಇತ್ತು. ಬುಧವಾರ ತೊಳೆದ ಮೇಲೆ ಗುರುವಾರ ಮಾತಾಡಿಸ್ತೀನಿ ಅಂದುಕೊಳ್ಳುವಳು. ಗುರುವಾರ ಅವನ ಬಗ್ಗಿದ ತಲೆ ನೋಡಿದರೆ ಬಾಯಿಗೆ ಬೀಗ.

*

ಒಂದು ಬುಧವಾರ ಹಾಲಿನ ಆ ತುದಿಯಲ್ಲಿ ಚಾಪೆ ಇರಲಿಲ್ಲ.

"ಪಾಲಿಶ್‌ನವರು ಬರ್ಲಿಲ್ವಾ, ಮೇಡಂ?" ವ್ಯಾಯಾಮ ಮುಗಿಸಿ, ಬೆವರು ಒರೆಸುತ್ತಾ, ಏನೂ ಅಲ್ಲವೆಂಬಂತೆ ಕೇಳಿದಳು.

"ಅವರಾ? ಬೇರೆ ಊರಲ್ಲಿ ದೊಡ್ಡ ಕೆಲಸ ಅಂತೆ, ಮೂರು ತಿಂಗಳು. ಇವತ್ತು ಒಂಬತ್ತಕ್ಕೆ ಹಿಂದಿನ ಬೀದಿಯ ಪಾಲಿಶ್ ಕಾರ್ಖಾನೆಯಿಂದ ಹೊರಡ್ತಾರೆ. ವಾಪಸ್ ಬಂದ್ಮೇಲೆ ಸಂಜೆ ಬ್ಯಾಚಿಗೆ ಹಾಕಿ ಅಂದ್ರು." ಕೋಚ್ ಮೇಡಂ ಅವಳ ಮುಖ ನೋಡಿದರು. "ನಿಮಗೆ ತೊಂದರೆ ಆಗಬಾರದಂತೆ."

"ನನಗಾ? ನನಗೇನು ತೊಂದರೆ?"

"ಅವರ ಕೈಯಿಂದ ಸ್ಪಿರಿಟ್, ವಾರ್ನಿಶ್ ವಾಸನೆ ಬರುತ್ತಂತಲ್ಲ. ಎಷ್ಟು ಉಜ್ಜಿದ್ರೂ ಹೋಗಲ್ವಂತೆ. ಅದು ತಡೆಯೋಕಾಗದೇ ತಾನೇ ನೀವು ಅವತ್ತು ಕೂದಲೇ ಕತ್ತರಿಸ್ಕೊಂಡಿದ್ದು?"

ಅವಳಿಗೆ ನೆಲ ಬಾಯಿಬಿಟ್ಟ ಹಾಗಾಯಿತು.

'ಬೆರಳು ಮೂಸಿಕೊಂಡಿದ್ದು... ತನ್ನ ಕೈ ವಾಸನೆ ನೋಡ್ಕೊಳ್ಳೋಕಾ? ಜೇಬಲ್ಲಿ ಕೈ ಇಟ್ಟಿದ್ದು ಅದಕ್ಕಾ? ದೇವರೇ... ನಾನೇನು ಮಾಡ್ಬಿಟ್ಟೆ!'

ಎಂಟೂ ಕಾಲು. ಅವಳು ಮನೆಗೆ ಓಡಿದಳು. ಸೀದಾ ಬಾತ್‌ರೂಮು. ಇವತ್ತು ಶಾಂಪೂ ದಿನ. ಭಾನುವಾರದ ಮೇಲೆ ಮೂರು ದಿನದ ಬೆವರು, ಈಗಷ್ಟೇ ಸುರಿದದ್ದೂ ಸೇರಿ. ನಲ್ಲಿ ತಿರುಗಿಸಿದಳು. ನೀರು ಧೋ ಎಂದು ಬಕೆಟ್ಟಿಗೆ ಬಿತ್ತು.

"ಗುಂಗುರಿ, ಬೇಗ ಮುಗಿಸೇ!" ಅಮ್ಮನ ಕೂಗು.

ಬೇಗ? ಗುಂಗುರು ಕೂದಲಿಗೆ ಬೇಗ ಅನ್ನೋದುಂಟಾ? ಸಿಕ್ಕು ಬಿಡಿಸಿ, ತೊಳೆದು, ಒಣಗಿಸುವಷ್ಟರಲ್ಲಿ ಒಂದು ಗಂಟೆ. ಒಂಬತ್ತೂ ಕಾಲಿಗೆ ಘಮಘಮ ಅಂತ ಹೋಗಿ ನಿಂತರೆ, ಅಲ್ಲಿ ಮುಚ್ಚಿದ ಬಾಗಿಲು!

'ಹೀಗೇ ಹೋದ್ರೆ? ಅವರೂ ಮುಖ ತಿರುಗಿಸಿಬಿಟ್ರೆ? ನಾನು ತಡ್ಕೊಳ್ಳಲ್ಲ... ಸತ್ತೇ ಹೋಗ್ತೀನಿ.'

ಬಕೆಟ್ಟು ಅರ್ಧ ತುಂಬಿತು. 'ಆದ್ರೆ ಅವರು ಮೂರು ತಿಂಗಳು ಅಲ್ಲಿ ಕೂತು ತಮ್ಮ ಕೈಯನ್ನ ಉಜ್ಜಿ ಉಜ್ಜಿ ಬೈಕೊಳ್ತಾರಲ್ಲ! ಆ ನೋವು ಎಂಥದ್ದು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?'

ಅವಳು ನಲ್ಲಿ ನಿಲ್ಲಿಸಿದಳು.

"ಅಮ್ಮಾ, ಆಮೇಲೆ ತೊಳೀತೀನಿ!"

"ಆಮೇಲಾ? ನೀನಾ?" ಅಮ್ಮ ಬೆರಗಾಗಿ ನಿಂತಿರುವಾಗಲೇ ಅವಳು ಬೀದಿಗೆ ಇಳಿದಿದ್ದಳು.

*

ಕಾರ್ಖಾನೆಯ ಮುಂದೆ ವ್ಯಾನು ನಿಂತಿತ್ತು. ಅವನು ಡಬ್ಬಗಳನ್ನು ಹಗ್ಗ ಹಾಕಿ ಬಿಗಿಯುತ್ತಿದ್ದ. ಓಡಿ ಬಂದವಳನ್ನು ಕಂಡು ಗಾಬರಿಯಾಗಿ, ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಇಲ್ಲಿ... ಇಲ್ಲಿ ತುಂಬಾ ವಾಸನೆ ಇರುತ್ತೆ. ಆಚೆ ನಿಲ್ಲೋಣ."

"ಬೇಡ! ಮೊದಲು ನಾನು ಹೇಳೋದು ಕೇಳಿ." ಅವಳಿಗೆ ಏದುಸಿರು. "ಅವತ್ತು ಕತ್ತರಿ ತಗೊಂಡಿದ್ದು ನಿಮ್ಮ ಕೈ ವಾಸನೆಗಲ್ಲ... ನನ್ನ ತಲೆ ವಾಸನೆಗೆ."

"ಏನು?"

"ತಲೆ ತೊಳೆದು ನಾಲ್ಕು ದಿನ ಆಗಿತ್ತು. ನಿಮಗೆ ವಾಸನೆ ಬರುತ್ತೆ ಅಂತ ಪ್ರಾಣ ಹೋದಷ್ಟು ಹೆದರಿಕೆ. ನೀವು ಬೆರಳು ಮೂಸಿಕೊಂಡ್ರಲ್ಲ, ಅದು ನನ್ನ ತಲೆಯದ್ದೇ ಅಂದ್ಕೊಂಡೆ. ಅಂಗಡಿಯಲ್ಲೂ ಅದಕ್ಕೇ ದೂರ ನಿಂತೆ. ನಿಮ್ಮ ಕೈ ಹೇಗಿತ್ತು ಅಂತ ನನಗೆ ಗೊತ್ತೇ ಇಲ್ಲ! ಉಸಿರು ಎಳ್ಕೊಂಡಿದ್ರೆ ತಾನೇ ಗೊತ್ತಾಗೋದು!"

ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

"ಬಸ್ಸಲ್ಲಿ ನನ್ನ ಪಕ್ಕ ಕೂತವರು ಎದ್ದು ಹೋಗ್ತಾರೆ," ಮೆಲ್ಲಗೆ ಹೇಳಿದ. "ನೀವೂ ಹಾಗೇ ಎದ್ದು ಹೋದ್ರಿ ಅಂದ್ಕೊಂಡೆ. ಬೇರೆಯವರಾಗಿದ್ರೆ ಬೇಜಾರಾಗ್ತಿರಲಿಲ್ಲ. ನೀವು ಅಂತ... ಅವತ್ತು ರಾತ್ರಿ ಊಟ ಸೇರ್ಲಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ಇಲ್ಲಿ ಯಾರೂ ಕಳ್ಳ ಅಂದಿರಲಿಲ್ಲ. ಇಬ್ಬರೂ ತಾವೇ ತಾವಾಗಿ ಹೆಗಲು ಮುಟ್ಟಿಕೊಂಡಿದ್ದರು, ಎರಡು ತಿಂಗಳು.

"ಇವತ್ತೂ ತಲೆ ತೊಳೆದಿಲ್ಲ," ಅವಳು ಅಂದಳು. "ಭಾನುವಾರ, ಬುಧವಾರ ನಾನು ತೊಳೆಯೋ ದಿನ. ಇವತ್ತು ತೊಳೆದು ಬಂದಿದ್ರೆ ನೀವು ಸಿಕ್ತಿರಲಿಲ್ಲ. ಅದಕ್ಕೇ... ಹೀಗೇ ಬಂದೆ. ನನಗೆ ನೀವು ಬೇಕು. ವಾಸನೆ ಬಂದ್ರೆ ಈಗಲೇ ಹೇಳ್ಬಿಡಿ."

ಅವನು ಹತ್ತಿರ ಬಂದ. ಇನ್ನೂ ಹತ್ತಿರ. ಅವಳು ಕಣ್ಣು ಮುಚ್ಚಿ, ಹಾಸ್ಟೆಲಿನ ಆ ರಾತ್ರಿಯ ಹಾಗೆ ಉಗುರುಗಳನ್ನು ಅಂಗೈಗೆ ಒತ್ತಿಕೊಂಡಳು. ಅವನ ಗಲ್ಲ ಅವಳ ನೆತ್ತಿಯ ಮೇಲೆ ನಿಂತಿತು.

"ಬರ್ತಿದೆ," ಅಂದ.

ಅವಳ ಎದೆ ಧಸಕ್ಕೆಂದಿತು.

"ಬೆವರಿನ ವಾಸನೆ. ಓಡಿ ಬಂದವರ ತಲೆಯಿಂದ ಇನ್ನೇನು ವಾಸನೆ ಬರಬೇಕು?" ಅವನು ಕದಲಲಿಲ್ಲ. ಎರಡೂ ಕೈ ಬೆನ್ನ ಹಿಂದಿನಿಂದ ಮೆಲ್ಲಗೆ ಬಂದು ಅವಳ ಗುಂಗುರಿನ ಹತ್ತಿರ ನಿಂತವು. "ಮುಟ್ಟಲಾ? ಕೈಗೆ ಸ್ಪಿರಿಟ್ ಆಗಿದೆ..."

ಅವಳೇ ಆ ಕೈ ಹಿಡಿದು ತಲೆಯ ಮೇಲಿಟ್ಟುಕೊಂಡಳು. ಮೂಗಿಗೆ ಸ್ಪಿರಿಟ್ಟು ಘಾಟಾಗಿ ಹೊಡೆಯಿತು, ಸೀನು ಬಂತು. ಇಬ್ಬರೂ ಒಟ್ಟಿಗೆ ನಕ್ಕರು. ನಗುತ್ತಲೇ ಅವಳು ಅತ್ತಳು.

ಡ್ರೈವರ್ ಹಾರ್ನ್ ಹೊಡೆದ. ಅವನು ಬಾಗಿಲ ಹಿಡಿ ಹಿಡಿದು ತಿರುಗಿ ನಿಂತ.

"ವಾರಕ್ಕೊಂದು ರಜೆ ಸಿಗುತ್ತೆ. ನಾಲ್ಕು ಗಂಟೆ ದಾರಿ ಅಷ್ಟೇ. ಬರ್ತೀನಿ. ನೀವೇ ದಿನ ಹೇಳಿ... ಭಾನುವಾರನಾ, ಬುಧವಾರನಾ?"

ರೂಢಿಯಂತೆ ಅವಳ ಬೆರಳುಗಳು ಆಗಲೇ ಎಣಿಸಲು ಹೊರಟಿದ್ದವು. ಭಾನುವಾರ ತೊಳೆದರೆ ಸೋಮವಾರ ಪರವಾಗಿಲ್ಲ, ಮಂಗಳವಾರ ಅನುಮಾನ...

ಎಣಿಸುವುದನ್ನು ಬಿಟ್ಟಳು.

"ಯಾವತ್ತಾದ್ರೂ ಬನ್ನಿ," ಅಂದಳು.